ಹಿಮಾಲಯನ್ ಕೊಂಡಿರಾ? ಸಾಮಾನು ಹಾಕುವ ಮುಂಚೆ ತೂಕ ನೋಡಿ

ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ನಂಥ ದೊಡ್ಡ ಬೈಕ್ ಮನೆಗೆ ಬಂದ ವಾರದಲ್ಲೇ ಪಟ್ಟಿ ಶುರುವಾಗುತ್ತದೆ. ಕ್ರ್ಯಾಶ್ ಗಾರ್ಡ್, ಅಲ್ಯೂಮಿನಿಯಂ ಪೆಟ್ಟಿಗೆ, ಎರಡು ಜೊತೆ ಫಾಗ್ ಲೈಟ್, ಜೆರ್ರಿ ಕ್ಯಾನ್, ಬೇರೆ ಸೈಲೆನ್ಸರ್. ಫೋಟೋದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಜುಲೈ ಮಳೆಯಲ್ಲಿ ಮೂಡಿಗೆರೆ ಕಡೆಯ ಯಾವುದೋ ಮಣ್ಣು ರಸ್ತೆಯ ಏರಿನಲ್ಲಿ ಅದೇ ಗಾಡಿ ಅಡ್ಡ ಬಿದ್ದಾಗ, ಹಾಕಿಸಿದ ಒಂದೊಂದು ಕೆಜಿಯನ್ನೂ ಎತ್ತಬೇಕಾದವರು ನೀವೇ.

ಹಿಮಾಲಯನ್ 450ರ ತೂಕ ಕಂಪನಿಯ ಲೆಕ್ಕದಲ್ಲಿ 196 ಕೆಜಿ. ಹಳೆಯ 411ರ ಬಿಎಸ್6 (2020ರ ಹೊಗೆ ನಿಯಮದ) ಮಾದರಿ 199 ಕೆಜಿ. ಇದು ಏನೂ ಹಾಕಿಸದ ಗಾಡಿಯ ತೂಕ. ಮೇಲಿನ ಪಟ್ಟಿಯನ್ನೆಲ್ಲ ಹಾಕಿಸಿ, ಪೆಟ್ಟಿಗೆ ತುಂಬಿಸಿದರೆ 240 ಕೆಜಿ ದಾಟುವುದು ಕಷ್ಟವೇನಲ್ಲ. ಹಾಗಾಗಿ ಈ ಲೇಖನದಲ್ಲಿ ನಾನು ಹೇಳುವ ಕ್ರಮ ಅಂಗಡಿಯವರು ಹೇಳುವ ಕ್ರಮಕ್ಕೆ ಉಲ್ಟಾ ಇದೆ. ಮೊದಲು ಗಾಡಿಯನ್ನು ಮೈಗೆ ಹೊಂದಿಸಬೇಕು, ಆಮೇಲೆ ಶಾಕ್ ಅಬ್ಸಾರ್ಬರ್, ಆಮೇಲೆ ಟೈರ್, ಆಮೇಲೆ ಏಟು ತಡೆಯುವ ಸಾಮಾನು, ಲಗೇಜ್ ಕೊನೆಗೆ. ಇಂಜಿನ್ನಿನ ತಂಟೆಗೆ ಹೋಗುವುದೇ ಬೇಡ.

ಉದಾಹರಣೆಗೆ ಹಿಮಾಲಯನ್ ಹಿಡಿದುಕೊಂಡಿದ್ದೇನೆ, ಏಕೆಂದರೆ ನಮ್ಮ ಕಡೆ ಜಾಸ್ತಿ ಕಾಣುವುದು ಅದೇ. ಕೆಟಿಎಂ 390 ಅಡ್ವೆಂಚರ್ ಇದ್ದರೂ, ದೊಡ್ಡ ವಿ-ಸ್ಟ್ರಾಮ್ ಇದ್ದರೂ ಕ್ರಮ ಇದೇ. ಅಳತೆಗಳು ಮಾತ್ರ ಬದಲಾಗುತ್ತವೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

411 ಬಂದಿದ್ದು 2016ರಲ್ಲಿ, ಕಾರ್ಬ್ಯುರೇಟರ್ ಇಟ್ಟುಕೊಂಡು. 2017ರಲ್ಲಿ ಫ್ಯೂಯೆಲ್ ಇಂಜೆಕ್ಷನ್ ಬಂತು, 2020ರಲ್ಲಿ ಬಿಎಸ್6. 2023ರ ನವೆಂಬರ್‌ನಲ್ಲಿ 450 ಬಂದ ಮೇಲೆ ಹಳೆಯದು ನಿಂತಿತು. ಬಜೆಟ್ ಕಡಿಮೆ ಇದ್ದರೆ 2020ರ ನಂತರದ 411 ನೋಡಿ. ಅದಕ್ಕೆ ಹಿಂದಿನ ಚಕ್ರದ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡುವ ಸೌಲಭ್ಯ ಇದೆ, ಮಣ್ಣಿನ ಇಳಿಜಾರಿನಲ್ಲಿ ಅದು ದೊಡ್ಡ ಅನುಕೂಲ.

ನೋಡಲು ಹೋದಾಗ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಯಾರಿಗಾದರೂ ಹಿಂದಕ್ಕೆ ಒತ್ತಲು ಹೇಳಿ, ಮುಂದಿನ ಚಕ್ರ ಗಾಳಿಯಲ್ಲಿರಲಿ. ಹ್ಯಾಂಡಲನ್ನು ಎರಡು ಬೆರಳಲ್ಲಿ ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸಿ. ನಡುವೆ ಎಲ್ಲಾದರೂ ಟಕ್ ಅಂತ ಕೂತುಕೊಂಡ ಹಾಗೆ ಅನಿಸಿದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ ಅಂತ ಅರ್ಥ. 411ರಲ್ಲಿ ಇದು ಎಲ್ಲರಿಗೂ ಗೊತ್ತಿರುವ ಖರ್ಚು, ಅದಕ್ಕಾಗಿ ಗಾಡಿ ಬಿಡಬೇಕಿಲ್ಲ, ಬೆಲೆಯಲ್ಲಿ ಇಳಿಸಿ ಕೇಳಿ. ಆಮೇಲೆ ಫೋರ್ಕ್ ಕೆಳಗಿಂದ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಎರಡೂ ರಿಮ್ ತಿರುಗಿಸಿ ಬೆಂಡ್ ನೋಡಿ. ಸ್ಪೋಕ್‌ಗಳನ್ನು ಒಂದೊಂದಾಗಿ ಸಣ್ಣ ಪಾನಾದಲ್ಲಿ ತಟ್ಟಿ, ಎಲ್ಲವೂ ಹೆಚ್ಚು ಕಡಿಮೆ ಒಂದೇ ಸದ್ದು ಕೊಡಬೇಕು, ಸಡಿಲ ಇದ್ದದ್ದು ಡಬ್ ಅನ್ನುತ್ತದೆ. ಸಂಪ್ ಗಾರ್ಡ್ ಹಿಂದೆ ಟಾರ್ಚ್ ಬಿಟ್ಟು ಇಂಜಿನ್ ಕೆಳಗಿನ ಕೇಸ್‌ನಲ್ಲಿ ಬಿರುಕು, ಎಣ್ಣೆ ಪಸೆ ಇದೆಯಾ ನೋಡಿ. ಫ್ರೇಮಿನ ವೆಲ್ಡಿಂಗ್ ಜಾಗಗಳನ್ನೂ ಹಾಗೇ ನೋಡಿ, ಅದರಲ್ಲೂ ಹ್ಯಾಂಡಲ್ ಕೂರುವ ಜಾಗದ ಸುತ್ತ. ಒಂದು ಕಡೆ ಪೇಂಟ್ ಹೊಸದಾಗಿದ್ದರೆ ಯಾಕೆ ಅಂತ ಕೇಳಿ.

ಸೀಟು ಬಿಚ್ಚಿಸಿ. ಇದು ತುಂಬಾ ಮುಖ್ಯ. ಹಿಂದಿನ ಮಾಲೀಕರು ಲೈಟು, ಹಾರ್ನು, ಚಾರ್ಜರ್ ಹಾಕಿಸಿ ತೆಗೆಸಿದ್ದರೆ ಅಲ್ಲಿ ವೈರ್ ಕತ್ತರಿಸಿ ಇನ್ಸುಲೇಶನ್ ಟೇಪ್ ಸುತ್ತಿರುತ್ತಾರೆ. ಅಂಥ ಟೇಪ್ ಹೆಚ್ಚು ಕಂಡಷ್ಟೂ ಗಾಡಿಯ ಬಗ್ಗೆ ಹುಷಾರಾಗಿರಿ. ಇಂಜಿನ್ ರಿಪೇರಿ ಯಾರಾದರೂ ಮಾಡುತ್ತಾರೆ, ಹಾಳಾದ ವೈರಿಂಗ್ ಹುಡುಕಿ ಸರಿ ಮಾಡುವವರು ಸಿಗುವುದು ಕಷ್ಟ. ಬೇರೆ ರಾಜ್ಯದ ನಂಬರ್ ಇದ್ದರೆ ಎನ್‌ಒಸಿ ಮತ್ತು ಇಲ್ಲಿ ಕಟ್ಟಬೇಕಾದ ಜೀವಿತಾವಧಿ ತೆರಿಗೆಯನ್ನೂ ಸೇರಿಸಿಯೇ ಬೆಲೆ ಲೆಕ್ಕ ಹಾಕಿ.

ಮೊದಲ ಸರ್ವೀಸ್ ತನಕ ಏನೂ ಹಾಕಿಸಬೇಡಿ

ಹೊಸದಾಗಿದ್ದರೆ ಮೊದಲ 500 ಕಿಮೀ ಸರ್ವೀಸ್ ಆಗುವವರೆಗೆ ಗಾಡಿ ಹೇಗೆ ಬಂತೋ ಹಾಗೇ ಓಡಿಸಿ. ನಿಮ್ಮ ದಿನದ ರಸ್ತೆ, ಒಂದು ಹೈವೇ, ಒಂದು ಘಾಟಿ, ಒಂದಿಷ್ಟು ಮಣ್ಣು ರಸ್ತೆ. ಎಲ್ಲಿ ನೋಯುತ್ತದೆ, ಎಲ್ಲಿ ಹೆದರಿಕೆ ಆಗುತ್ತದೆ, ಏನು ಕೈಗೆ ಸಿಗುವುದಿಲ್ಲ ಅಂತ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಆ ಪಟ್ಟಿಯಲ್ಲಿ ಇಲ್ಲದ ಸಾಮಾನಿಗೆ ದುಡ್ಡು ಹಾಕಬೇಡಿ.

ಈ ಸಮಯದಲ್ಲೇ ಸ್ಪೋಕ್‌ಗಳು ಸ್ವಲ್ಪ ಸಡಿಲವಾಗುತ್ತವೆ, ಚೈನ್ ಜಗ್ಗುತ್ತದೆ. ಮೊದಲ ಸರ್ವೀಸ್‌ನಲ್ಲಿ ಇವೆರಡನ್ನೂ ಬಾಯಿ ಬಿಟ್ಟು ಹೇಳಿ ಮಾಡಿಸಿ. ಸುಮ್ನೆ ಆಯಿಲ್ ಬದಲಿಸಿ ತೊಳೆದು ಕೊಟ್ಟರೆ ಒಪ್ಪಬೇಡಿ.

ಮೈಗೆ ಹೊಂದಿಸುವುದು: ಖರ್ಚು ಕಡಿಮೆ, ಲಾಭ ಜಾಸ್ತಿ

ಇಲ್ಲಿ ಹೆಚ್ಚಿನ ಕೆಲಸಕ್ಕೆ ಒಂದು ಪಾನಾ ಸಾಕು. ಮಣ್ಣಿನಲ್ಲಿ ಇಂಥ ಗಾಡಿಯನ್ನು ನಿಂತು ಓಡಿಸುತ್ತೇವೆ ಅಲ್ವಾ? ಆದರೆ ಷೋರೂಮಿನಿಂದ ಬಂದಾಗ ಕ್ಲಚ್, ಬ್ರೇಕ್ ಲಿವರ್‌ಗಳು ಕೂತು ಓಡಿಸುವವರಿಗೆ ಹೊಂದಿರುತ್ತವೆ. ಶೂ ಹಾಕಿಕೊಂಡು ಫುಟ್‌ಪೆಗ್ ಮೇಲೆ ನಿಲ್ಲಿ, ಮಂಡಿ ಸ್ವಲ್ಪ ಬಗ್ಗಿಸಿ, ಕೈ ಹ್ಯಾಂಡಲ್ ಮೇಲಿರಲಿ. ಆಗ ಮುಂಗೈಯಿಂದ ಬೆರಳಿನವರೆಗೆ ನೇರ ಗೆರೆ ಬರುವ ಹಾಗೆ ಲಿವರ್‌ಗಳನ್ನು ಕೆಳಕ್ಕೆ ತಿರುಗಿಸಿ. ಮಣಿಕಟ್ಟು ಮೇಲಕ್ಕೆ ಮಡಚುತ್ತಿದ್ದರೆ ಅರ್ಧ ಗಂಟೆಯಲ್ಲಿ ಕೈ ಸೋಲುತ್ತದೆ.

ಲಿವರ್ ಕೂರುವ ಕ್ಲ್ಯಾಂಪ್ ಬೋಲ್ಟನ್ನು ಬಿಗಿಯಾಗಿ ಹಾಕಬೇಡಿ. ಸಾಮಾನ್ಯ ಬಳಕೆಯಲ್ಲಿ ಅಲುಗಬಾರದು, ಅಂಗೈಯಲ್ಲಿ ಜೋರಾಗಿ ಹೊಡೆದರೆ ತಿರುಗಬೇಕು, ಅಷ್ಟು ಸಾಕು. ಕೆಳಗೆ ಒಂದು ಸುತ್ತು ಪ್ಲಂಬರ್ ಟೇಪ್ ಸುತ್ತಿದರೆ ಇನ್ನೂ ಚೆನ್ನ. ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುತ್ತದೆ. ಹತ್ತು ರೂಪಾಯಿಯ ಟೇಪು ಕಾಡಿನ ನಡುವೆ ಕ್ಲಚ್ ಇಲ್ಲದೆ ನಿಲ್ಲುವುದನ್ನು ತಪ್ಪಿಸುತ್ತದೆ.

ಆಮೇಲೆ ಹಿಂದಿನ ಬ್ರೇಕ್ ಪೆಡಲ್, ಗೇರ್ ಲಿವರ್ ಎತ್ತರ. ಎತ್ತರದ ಶೂ ಹಾಕುತ್ತೀರಾದರೆ ಗೇರ್ ಲಿವರ್ ಸ್ವಲ್ಪ ಮೇಲೆ ಬೇಕಾಗುತ್ತದೆ.

ಸೀಟಿನ ವಿಷಯ. 450ರಲ್ಲಿ ಸೀಟನ್ನು 825 ಅಥವಾ 845 ಮಿಮೀ ಎತ್ತರದಲ್ಲಿ ಕೂರಿಸಬಹುದು, ಇನ್ನೂ 20 ಮಿಮೀ ತಗ್ಗಿನ ಸೀಟು ಕಂಪನಿಯೇ ಮಾರುತ್ತದೆ. 411ರಲ್ಲಿ 800 ಮಿಮೀ. ಎತ್ತರ ಕಡಿಮೆ ಇರುವವರು ಮೊದಲು ಈ ಸೀಟಿನ ದಾರಿ ನೋಡಿ. ಹಿಂದಿನ ಶಾಕ್‌ಗೆ ಪಟ್ಟಿ ಹಾಕಿ ಇಡೀ ಗಾಡಿಯನ್ನೇ ತಗ್ಗಿಸುವ ಕಿಟ್ ನನಗೆ ಇಷ್ಟವಿಲ್ಲ. ಗ್ರೌಂಡ್ ಕ್ಲಿಯರೆನ್ಸ್ ಹೋಗುತ್ತದೆ, ತಿರುವಿನಲ್ಲಿ ನಡವಳಿಕೆ ಬದಲಾಗುತ್ತದೆ, ಸೈಡ್ ಸ್ಟ್ಯಾಂಡ್ ಉದ್ದವಾಗಿ ಗಾಡಿ ನೆಟ್ಟಗೆ ನಿಂತು ಗಾಳಿಗೂ ಬೀಳುತ್ತದೆ. ಎರಡೂ ಕಾಲು ಪೂರ್ತಿ ನೆಲಕ್ಕೆ ತಾಗಲೇಬೇಕು ಅಂತೇನಿಲ್ಲ. ಒಂದು ಕಾಲು ಗಟ್ಟಿಯಾಗಿ ಊರಿ, ಸೀಟಿನಲ್ಲಿ ಸ್ವಲ್ಪ ಪಕ್ಕಕ್ಕೆ ಜಾರಿ ನಿಲ್ಲಿಸುವುದನ್ನು ರೂಢಿಸಿಕೊಂಡರೆ ಐದೂವರೆ ಅಡಿ ಇರುವವರೂ ಆರಾಮಾಗಿ ಓಡಿಸಬಹುದು.

ಎತ್ತರ ಇರುವವರಿಗೆ ಹ್ಯಾಂಡಲ್ ರೈಸರ್ ಬೇಕಾಗಬಹುದು. 25 ರಿಂದ 30 ಮಿಮೀ ಸಾಕು. ಹಾಕಿದ ಮೇಲೆ ಒಂದು ಪರೀಕ್ಷೆ ಮಾಡದೆ ಗಾಡಿ ಹೊರಗೆ ತೆಗೆಯಬೇಡಿ: ಇಂಜಿನ್ ಚಾಲೂ ಇಟ್ಟು ನ್ಯೂಟ್ರಲ್‌ನಲ್ಲಿ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. 411ರಲ್ಲಿ ಇಂಜಿನ್ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಜಗ್ಗುತ್ತಿದೆ ಅಂತ ಅರ್ಥ, ತಿರುವಿನಲ್ಲಿ ಅದು ನಿಮ್ಮನ್ನು ಬೀಳಿಸುತ್ತದೆ. 450ಕ್ಕೆ ಆಕ್ಸಿಲರೇಟರ್ ಕೇಬಲ್ ಇಲ್ಲ, ಎಲ್ಲ ಎಲೆಕ್ಟ್ರಾನಿಕ್. ಅದರಲ್ಲಿ ಕ್ಲಚ್ ಕೇಬಲ್, ಬ್ರೇಕ್ ಪೈಪ್, ಸ್ವಿಚ್ಚಿನ ವೈರುಗಳು ಎಳೆದುಕೊಳ್ಳುತ್ತಿವೆಯಾ ನೋಡಿ.

ಶಾಕ್ ಹೊಂದಿಸಿ, ಒಂದು ಟೇಪ್ ಸಾಕು

ಹಿಂದಿನ ಸೀಟಿನಲ್ಲಿ ಒಬ್ಬರು, ಎರಡು ಬ್ಯಾಗು, ಆದರೂ ಶಾಕ್ ಮಾತ್ರ ಷೋರೂಮಿನಲ್ಲಿ ಇದ್ದ ಸೆಟ್ಟಿಂಗ್‌ನಲ್ಲೇ. ಇದು ತುಂಬಾ ಕಾಣುವ ವಿಷಯ. ಹಿಂದೆ ಕುಸಿದಾಗ ಮುಂದಿನ ಚಕ್ರದ ಮೇಲೆ ಭಾರ ಕಡಿಮೆಯಾಗುತ್ತದೆ, ಹೆಡ್‌ಲೈಟ್ ಮರದ ತುದಿ ತೋರಿಸುತ್ತದೆ, ಪ್ರತಿ ಗುಂಡಿಗೂ ಶಾಕ್ ತಳ ಹೊಡೆಯುತ್ತದೆ.

ಅಳೆಯುವುದು ಹೀಗೆ. ಹಿಂದಿನ ಚಕ್ರ ಗಾಳಿಯಲ್ಲಿರುವಾಗ ಆಕ್ಸೆಲ್‌ನಿಂದ ನೇರ ಮೇಲೆ ಬಾಡಿಯ ಒಂದು ಗುರುತಿನವರೆಗೆ ಟೇಪ್ ಹಿಡಿದು ಬರೆದುಕೊಳ್ಳಿ. ಆಮೇಲೆ ಗಾಡಿ ನೆಲದ ಮೇಲಿಟ್ಟು, ನೀವು ಹೆಲ್ಮೆಟ್ ಜಾಕೆಟ್ ಸಮೇತ ಕೂತು, ನೀವು ಹೊರುವ ಲಗೇಜ್ ಕಟ್ಟಿ, ಅದೇ ಎರಡು ಬಿಂದುಗಳ ನಡುವೆ ಮತ್ತೆ ಅಳೆಯಿಸಿ. ವ್ಯತ್ಯಾಸ ಒಟ್ಟು ಓಟದ (ಚಕ್ರ ಮೇಲೆ ಕೆಳಗೆ ಆಡುವ ದೂರದ) ಶೇ. 25ರಿಂದ 30ರೊಳಗೆ ಇರಬೇಕು. 450ರ ಹಿಂದಿನ ಚಕ್ರದ ಓಟ 200 ಮಿಮೀ, ಅಂದರೆ 50ರಿಂದ 60 ಮಿಮೀ. 411ರಲ್ಲಿ 180 ಮಿಮೀ, ಹಾಗಾಗಿ 45ರಿಂದ 54. ಜಾಸ್ತಿ ಕುಸಿಯುತ್ತಿದ್ದರೆ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿ, ಏರಿಸಿ. ಪೂರ್ತಿ ಏರಿಸಿದರೂ ಅಳತೆಗೆ ಬರುತ್ತಿಲ್ಲ ಅಂದರೆ ನಿಮ್ಮ ಭಾರಕ್ಕೆ ಸ್ಪ್ರಿಂಗ್ ಸಾಲದು, ಆಗ ಗಟ್ಟಿ ಸ್ಪ್ರಿಂಗ್ ಹಾಕಿಸುವುದು ನ್ಯಾಯವಾದ ಖರ್ಚು. ಅಥವಾ ಲಗೇಜ್ ಇಳಿಸಿ, ಅದಕ್ಕೆ ದುಡ್ಡೇ ಬೇಡ.

ಪ್ರೀಲೋಡ್ ಬದಲಿಸಿದ ಮೇಲೆ ಚೈನ್ ಸಡಿಲ ಮತ್ತೆ ನೋಡಿ. ಯಾರನ್ನಾದರೂ ಗಾಡಿ ಮೇಲೆ ಕೂರಿಸಿ ಹಿಂದೆ ಒತ್ತಿಸಿದಾಗ, ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದ ತೋಳು) ತಿರುಗುವ ಬೋಲ್ಟ್, ಹಿಂದಿನ ಆಕ್ಸೆಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತದೆ. ಆಗಲೂ ಸ್ವಲ್ಪ ಆಡಬೇಕು. ಆಡದಿದ್ದರೆ ಬೇರಿಂಗ್ ತಿನ್ನುತ್ತದೆ.

ಟೈರ್: ದುಡ್ಡು ಹಾಕುವುದಿದ್ದರೆ ಇಲ್ಲಿ ಹಾಕಿ

ಎರಡೂ ಹಿಮಾಲಯನ್‌ಗೆ ಮುಂದೆ 21 ಇಂಚಿನ ಚಕ್ರ, 90/90 ಟೈರ್. ಹಿಂದೆ 17 ಇಂಚು, 411ಕ್ಕೆ 120/90, 450ಕ್ಕೆ 140/80. ಮುಂದಿನ ದೊಡ್ಡ ಚಕ್ರ ಇರುವುದೇ ಕಲ್ಲು, ಗುಂಡಿ ಹತ್ತಿಳಿಯಲು. ಸಣ್ಣ ಅಲಾಯ್ ಹಾಕಿಸುವ ಯೋಚನೆ ಬಂದರೆ ನಿಮಗೆ ಬೇಕಾದದ್ದು ಬೇರೆ ಗಾಡಿ.

ಕಂಪನಿ ಕೊಟ್ಟ ಟೈರ್ ಸವೆಯುವವರೆಗೆ ಓಡಿಸಿ, ಅಷ್ಟರಲ್ಲಿ ನಿಮ್ಮ ಬಳಕೆ ಗೊತ್ತಾಗಿರುತ್ತದೆ. ಬೆಂಗಳೂರಿನಲ್ಲಿ ದಿನಾ ಆಫೀಸಿಗೆ ಹೋಗಿ ತಿಂಗಳಿಗೊಮ್ಮೆ ಸಕಲೇಶಪುರ ಅನ್ನುವವರಿಗೆ ಡಾಂಬರಿಗೆ ಒಗ್ಗುವ ಟೈರೇ ಸರಿ. ದೊಡ್ಡ ಗುಬ್ಬಿಯ ಟೈರ್ ನೋಡಲು ಗಂಭೀರ, ಆದರೆ ಮಳೆ ಬಿದ್ದ ಡಾಂಬರಿನಲ್ಲಿ, ಅದರಲ್ಲೂ ಬಿಳಿ ಪಟ್ಟೆಯ ಮೇಲೆ, ಬ್ರೇಕ್ ಹಿಡಿತ ಕಡಿಮೆ, ಬೇಗ ಸವೆಯುತ್ತದೆ. ಮಲೆನಾಡಲ್ಲೇ ಮನೆ, ಮನೆ ಮುಂದಿನ ರಸ್ತೆಯೇ ಮಣ್ಣು ಅನ್ನುವವರಿಗೆ ಅರ್ಧ ಡಾಂಬರು ಅರ್ಧ ಮಣ್ಣಿನ ಟೈರ್ ಹಾಕಿ. ಎರಡರ ನಡುವೆ ಒದ್ದಾಡುತ್ತಿದ್ದರೆ ಮುಂದಿನ ಟೈರ್ ಮಾತ್ರ ಮಣ್ಣಿನದು ಹಾಕಿ. ಹಿಂದೆ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದೆ ಜಾರಿದರೆ ಹೆಚ್ಚಿನ ಸಲ ಬಿದ್ದೇ ಬೀಳುತ್ತೇವೆ.

ನಮ್ಮ ಮಣ್ಣುಗಳೂ ಒಂದೇ ಥರ ಇಲ್ಲ. ಕರಾವಳಿಯ ಜಂಬಿಟ್ಟಿಗೆ ಮಣ್ಣು ಒಣಗಿದಾಗ ಒಳ್ಳೆ ಹಿಡಿತ ಕೊಡುತ್ತದೆ, ಪಾಚಿ ಕಟ್ಟಿದಾಗ ಯಾವ ಟೈರೂ ನಿಲ್ಲುವುದಿಲ್ಲ. ಗದಗ, ಧಾರವಾಡ ಕಡೆಯ ಎರೆಮಣ್ಣು ಒದ್ದೆಯಾದರೆ ಟೈರಿನ ಸಂದಿ ತುಂಬಿ, ಮಡ್‌ಗಾರ್ಡ್ ಕೆಳಗೆ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ. ಅಲ್ಲಿ ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿಯದಿರುವುದೇ ಬುದ್ಧಿವಂತಿಕೆ. ಕೋಲಾರ, ಚಿತ್ರದುರ್ಗದ ಕಡೆ ಗಟ್ಟಿ ನೆಲದ ಮೇಲೆ ಸಡಿಲ ಜಲ್ಲಿ, ಅಲ್ಲಿ ಟೈರಿಗಿಂತ ಗಾಳಿಯ ಒತ್ತಡ ಮುಖ್ಯ.

ಗಾಳಿ ಎಷ್ಟು ಇರಬೇಕು ಅಂತ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ, ಡಾಂಬರಿಗೆ ಅದೇ ಸರಿ. ಮಣ್ಣಿಗೆ ಇಳಿದಾಗ ನಾನು ಎರಡೂ ಟೈರಿನಲ್ಲಿ 20ರಿಂದ 22 ಪಿಎಸ್‌ಐಗೆ ಇಳಿಸುತ್ತೇನೆ. ಟ್ಯೂಬ್ ಇರುವ ಟೈರಿನಲ್ಲಿ ಅದಕ್ಕಿಂತ ಕೆಳಗೆ ಹೋದರೆ ಕಲ್ಲಿಗೂ ರಿಮ್‌ಗೂ ನಡುವೆ ಟ್ಯೂಬ್ ಸಿಕ್ಕಿ ಹರಿಯುವ ಅಪಾಯ ಇದೆ. ಡಾಂಬರಿಗೆ ಹತ್ತಿದ ಕೂಡಲೇ ಮತ್ತೆ ತುಂಬಬೇಕು. ಹಾಗಾಗಿ ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಪಂಪ್ ಮತ್ತು ಒಂದು ಒಳ್ಳೆಯ ಗೇಜ್ ಯಾವ ಫಾಗ್ ಲೈಟಿಗಿಂತಲೂ ಮೊದಲು ಬೇಕು.

ಪಂಕ್ಚರ್ ಕಲಿಯದೆ ದೂರ ಹೋಗಬೇಡಿ. 411 ಪೂರ್ತಿ ಟ್ಯೂಬ್, 450 ಕೂಡ ಮೊದಲು ಟ್ಯೂಬ್‌ನಲ್ಲೇ ಬಂತು, 2024ರಿಂದ ಟ್ಯೂಬ್‌ಲೆಸ್ ಸ್ಪೋಕ್ ರಿಮ್ ಆಯ್ಕೆ ಸಿಗುತ್ತಿದೆ. ಈಗ ಕೊಳ್ಳುವವರು ಟ್ಯೂಬ್‌ಲೆಸ್ ತಗೊಳ್ಳಿ, ಮೊಳೆ ಹೊಕ್ಕರೆ ಚಕ್ರ ಬಿಚ್ಚದೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಟ್ಯೂಬ್ ಇರುವವರು ಒಂದು ಭಾನುವಾರ ಮನೆಯ ಅಂಗಳದಲ್ಲೇ ಹಿಂದಿನ ಚಕ್ರ ಬಿಚ್ಚಿ, ಟೈರ್ ಕಿತ್ತು, ಟ್ಯೂಬ್ ತೆಗೆದು ಹಾಕಿ ನೋಡಿ. ಬೇಕಾದದ್ದು: ನಿಮ್ಮ ಆಕ್ಸೆಲ್ ನಟ್ಟಿಗೆ ಸರಿಯಾಗಿ ಕೂರುವ ಪಾನಾ, ಮೂರು ಟೈರ್ ಲಿವರ್, ಸೋಪಿನ ನೀರು, ವಾಲ್ವ್ ಬಿಚ್ಚುವ ಕೀಲಿ. ಟೈರಿನ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಮಂಡಿಯಲ್ಲಿ ಒತ್ತಿ ಇಟ್ಟುಕೊಂಡರೆ ಎದುರು ಬದಿ ಸಡಿಲವಾಗಿ ಸಲೀಸಾಗಿ ಹೊರಬರುತ್ತದೆ. ಬಲ ಹಾಕಬೇಕಾಗಿ ಬಂತು ಅಂದರೆ ಎದುರು ಬದಿ ಮೇಲೆ ಬಂದಿದೆ, ಮತ್ತೆ ಒತ್ತಿ. ಟ್ಯೂಬ್ ಹಾಕುವ ಮೊದಲು ಅದಕ್ಕೆ ಸ್ವಲ್ಪ ಗಾಳಿ ತುಂಬಿ, ಲಿವರ್ ಕೆಳಗೆ ಮಡಿಕೆ ಸಿಕ್ಕಿ ಹರಿಯುವುದಿಲ್ಲ. ಟೈರಿನ ಒಳಗೆ ಬೆರಳಾಡಿಸಿ ಮೊಳೆ ಇನ್ನೂ ಅಲ್ಲೇ ಇದೆಯಾ ನೋಡುವುದನ್ನು ಮರೆಯಬೇಡಿ.

ಸ್ಪೇರ್ ಟ್ಯೂಬ್ ಒಂದೇ ಒಯ್ಯುವುದಾದರೆ 21 ಇಂಚಿನದು ಒಯ್ಯಿರಿ. ತುರ್ತಿಗೆ ಅದನ್ನು ಹಿಂದಿನ 17 ಇಂಚಿನ ಟೈರಿನೊಳಗೂ ತುರುಕಿ ಮುಂದಿನ ಊರು ಮುಟ್ಟಬಹುದು. 17ರದ್ದನ್ನು 21ಕ್ಕೆ ಎಳೆದು ಹಾಕಲು ಆಗುವುದಿಲ್ಲ.

ಏಟು ತಡೆಯುವ ಸಾಮಾನು

ಬೇಕಾದದ್ದು ಮೂರೇ. ಒಂದು, ಒಳಗೆ ಗಟ್ಟಿ ಅಲ್ಯೂಮಿನಿಯಂ ಪಟ್ಟಿ ಇರುವ ಹ್ಯಾಂಡ್ ಗಾರ್ಡ್. ಬರೀ ಪ್ಲಾಸ್ಟಿಕ್‌ನದು ಗಾಳಿ ತಡೆಯುತ್ತದೆ, ಏಟು ತಡೆಯುವುದಿಲ್ಲ. ಎರಡು, ಇಂಜಿನ್ ಕೆಳಗಿನ ಸಂಪ್ ಗಾರ್ಡ್. ಕಂಪನಿ ಕೊಟ್ಟದ್ದು ಜಲ್ಲಿ ರಸ್ತೆಗೆ ಸಾಕು, ಬಂಡೆ ಹತ್ತುವವರು ಮಾತ್ರ 4 ಮಿಮೀ ಅಲ್ಯೂಮಿನಿಯಂದು ನೋಡಿ. ಅದು ಆಯಿಲ್ ಬೋಲ್ಟ್ ತೆಗೆಯಲು ಜಾಗ ಬಿಟ್ಟಿದೆಯಾ, ಕೆಸರು ಹೊರಹೋಗಲು ತೂತು ಇದೆಯಾ ಅಂತ ಕೇಳಿ. ಮೂರು, 450ಕ್ಕೆ ರೇಡಿಯೇಟರ್ ಜಾಲರಿ. ಮುಂದಿನ ಚಕ್ರ ಎಸೆದ ಒಂದು ಕಲ್ಲು ರೇಡಿಯೇಟರ್ ತೂತು ಮಾಡಿದರೆ ಅಲ್ಲಿಗೆ ಪ್ರಯಾಣ ನಿಂತಿತು. ಜಾಲರಿಯ ಕಣ್ಣು ತೀರಾ ಸಣ್ಣದಿರಬಾರದು, ಕೆಸರು ಮೆತ್ತಿಕೊಂಡು ಗಾಳಿ ಕಟ್ಟಿಬಿಡುತ್ತದೆ.

ಇಂಜಿನ್ ಗಾರ್ಡ್ ಹಾಕಿಸುವುದಾದರೆ ಒಂದೇ ಹಾಕಿಸಿ. ಮೇಲೊಂದು ಕೆಳಗೊಂದು ಅಂತ ಪಂಜರ ಕಟ್ಟುವುದು ಬೇಡ. ಏನೇ ಕೊಳ್ಳಿ, ಅಂಗಡಿಯಲ್ಲೇ ತೂಕದ ಕೊಕ್ಕೆಗೆ ನೇತುಹಾಕಿ ನೋಡಿ, ಕೆಜಿ ಬರೆದುಕೊಳ್ಳಿ. ಒಟ್ಟು 10 ಕೆಜಿ ದಾಟಬಾರದು ಅಂತ ಒಂದು ಗೆರೆ ಹಾಕಿಕೊಳ್ಳಿ, ಹೊಸದೊಂದು ಬೇಕು ಅನಿಸಿದಾಗ ಹಳೆಯದೊಂದು ಇಳಿಯಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಗಾರ್ಡ್‌ಗಳಲ್ಲಿ ಕೆಲವು ದಪ್ಪ ಕಬ್ಬಿಣದವು, ಫ್ರೇಮಿಗಿಂತ ಗಟ್ಟಿ. ಬಿದ್ದಾಗ ಅವು ಬಾಗುವುದಿಲ್ಲ, ಏಟನ್ನು ಫ್ರೇಮಿಗೆ ದಾಟಿಸುತ್ತವೆ.

ಲಗೇಜ್

ಮಣ್ಣಿಗೆ ಹೋಗುವವರಿಗೆ ಬಟ್ಟೆಯ ಬ್ಯಾಗೇ ಸರಿ. ಗಟ್ಟಿ ಪೆಟ್ಟಿಗೆಗೆ ಬೀಗ ಹಾಕಬಹುದು, ಮಳೆ ತಾಗುವುದಿಲ್ಲ, ನಿಜ. ಆದರೆ ಮಣ್ಣಿನಲ್ಲಿ ಕಾಲು ಊರಿದಾಗ ಗಾಡಿ ಮುಂದಕ್ಕೆ ಹೋಗಿ ಪೆಟ್ಟಿಗೆ ಹಿಂದಿನಿಂದ ಕಾಲಿಗೆ ಬಡಿಯುತ್ತದೆ, ಕಾಲು ಮುರಿಯುವ ಏಟು ಅದು. ಡಾಂಬರಿನಲ್ಲೇ ಲಡಾಖ್ ತನಕ ಹೋಗಿ ಬರುವವರು ಪೆಟ್ಟಿಗೆ ಹಾಕಿಕೊಳ್ಳಲಿ.

ಭಾರದ್ದು ಕೆಳಗೆ ಮತ್ತು ಮುಂದೆ: ಟೂಲ್ಸ್, ಟ್ಯೂಬ್, ನೀರು. ಹಗುರದ್ದು ಮೇಲೆ ಮತ್ತು ಹಿಂದೆ: ಬಟ್ಟೆ, ಹೊದಿಕೆ. ಟಾಪ್ ಬಾಕ್ಸ್‌ನಲ್ಲಿ ಟೂಲ್ಸ್ ತುಂಬಿದರೆ ಹ್ಯಾಂಡಲ್ ಹಗುರಾಗಿ ಅಲುಗಾಡಲು ಶುರುವಾಗುತ್ತದೆ. ಸೈಲೆನ್ಸರ್ ಕಡೆಯ ಬ್ಯಾಗ್ ಕನಿಷ್ಠ ನಾಲ್ಕು ಬೆರಳು ದೂರ ಇರಲಿ, ಗುಂಡಿ ಹಾರಿದಾಗಲೂ ತಾಗಬಾರದು.

ಕರ್ನಾಟಕದೊಳಗೆ ಜೆರ್ರಿ ಕ್ಯಾನ್ ಬೇಕಿಲ್ಲ. 450ರ ಟ್ಯಾಂಕ್ 17 ಲೀಟರ್. ಲೀಟರಿಗೆ 28 ಕಿಮೀ ಅಂದುಕೊಂಡರೂ 450 ಕಿಮೀ ದಾಟುತ್ತದೆ, ಅಷ್ಟರಲ್ಲಿ ಎಷ್ಟೋ ಬಂಕ್ ಸಿಕ್ಕಿರುತ್ತವೆ.

ಲೈಟು ಮತ್ತು ವೈರಿಂಗ್

ಘಾಟಿಯ ಮಂಜಿಗೆ ಫಾಗ್ ಲೈಟ್ ಉಪಯೋಗ ಇದೆ, ಅದನ್ನು ನಾನು ಬೇಡ ಅನ್ನುವುದಿಲ್ಲ. ತಲಾ 20 ವಾಟಿನ ಎರಡು ಎಲ್‌ಇಡಿ ಸಾಕು. 40 ವಾಟನ್ನು 12 ವೋಲ್ಟ್‌ನಿಂದ ಭಾಗಿಸಿ, ಸುಮಾರು 3.3 ಆಂಪ್. ಬ್ಯಾಟರಿಯ ಪ್ಲಸ್ಸಿನ ಪಕ್ಕದಲ್ಲೇ 5 ಆಂಪ್ ಫ್ಯೂಸ್, ಅಲ್ಲಿಂದ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ ಮಾಡುವ ಸ್ವಿಚ್), ರಿಲೇ ಚಾಲೂ ಆಗುವುದು ಕೀ ಆನ್ ಆದಾಗ ಮಾತ್ರ. ಕಂಪನಿ ವೈರನ್ನು ಸುಲಿದು ಸುತ್ತಲು ಬಿಡಲೇಬೇಡಿ. ಸಿಕ್ಕಿಸುವ ಕಪ್ಲರ್ ಇರುವ ವೈರಿಂಗ್ ಕಿಟ್ ಸಿಗುತ್ತದೆ, ಅದನ್ನೇ ಹಾಕಿಸಿ. ವೈರ್ ಕತ್ತರಿಸಿದರೆ ವಾರಂಟಿ ತಕರಾರು ಬರುತ್ತದೆ, ಮಳೆಗಾಲದಲ್ಲಿ ನೀರು ಇಳಿಯುವುದೂ ಅಲ್ಲೇ.

ಲೈಟನ್ನು ಕೆಳಮುಖ ಮಾಡಿ, ಊರೊಳಗೆ ಆರಿಸಿ, ಮುಚ್ಚಳ ಇದ್ದರೆ ಹಾಕಿ. ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿ ಮೇಲೆ 2024ರಿಂದ ರಾಜ್ಯದ ಪೊಲೀಸರು ಕೇಸು ಹಾಕುತ್ತಿದ್ದಾರೆ. ಹಾಕಬೇಕಾದದ್ದೇ.

ಮೊಬೈಲನ್ನು ಹ್ಯಾಂಡಲ್‌ಗೆ ನೇರ ಕೂರಿಸಿದರೆ ನಡುಕಕ್ಕೆ ಕ್ಯಾಮೆರಾ ಹಾಳಾಗಬಹುದು, ಆಪಲ್ ಕಂಪನಿ 2021ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ರಬ್ಬರ್ ಡ್ಯಾಂಪರ್ ಇರುವ ಹೋಲ್ಡರ್ ತಗೊಳ್ಳಿ.

ಸೈಲೆನ್ಸರ್, ಇಂಜಿನ್

ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಗಳಿಗೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ನಿಯಮ ಮೀರಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಕಾನೂನು ಬಿಡಿ, ಕಾಫಿ ತೋಟದ ನಡುವಿನ ಊರುಗಳಲ್ಲಿ ಜೋರು ಸದ್ದಿನ ಗಾಡಿ ಒಮ್ಮೆ ಹೋದರೆ ಮುಂದೆ ಬರುವ ಎಲ್ಲ ರೈಡರ್‌ಗಳಿಗೂ ಜನ ಗೇಟು ಹಾಕುತ್ತಾರೆ.

ಏರಿನಲ್ಲಿ ಮೊದಲ ಗೇರ್ ಎಳೆಯುತ್ತಿಲ್ಲ ಅನಿಸಿದರೆ ಮುಂದಿನ ಸ್ಪ್ರಾಕೆಟ್‌ನ ಒಂದು ಹಲ್ಲು ಕಡಿಮೆ ಮಾಡಿ ನೋಡಿ. 15 ಹಲ್ಲಿದ್ದದ್ದು 14 ಆದರೆ ಎಳೆತ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ, ಹೈವೇಯಲ್ಲಿ ಇಂಜಿನ್ ಅಷ್ಟೇ ಜಾಸ್ತಿ ಸುತ್ತುತ್ತದೆ. ಹಳೆಯದನ್ನು ಎತ್ತಿಡಿ, ಬೇಡ ಅನಿಸಿದರೆ ಮತ್ತೆ ಹಾಕಬಹುದು.

ಬಿದ್ದ ಗಾಡಿ ಎತ್ತುವುದು

ಹುಲ್ಲಿನ ಮೇಲೆ, ಒಬ್ಬ ಗೆಳೆಯರನ್ನು ಜೊತೆಗಿಟ್ಟುಕೊಂಡು ಕಲಿಯಿರಿ. ಮೊದಲು ಕಿಲ್ ಸ್ವಿಚ್ ಮತ್ತು ಕೀ ಆಫ್. ಗಾಡಿ ಗೇರ್‌ನಲ್ಲಿರಲಿ, ಉರುಳಬಾರದು. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಬಿಡಿಸಿಡಿ, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆ ಕಡೆಗೆ ಬೀಳುತ್ತದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ. ಗಾಡಿಗೆ ಬೆನ್ನು ಹಾಕಿ, ಸೀಟಿನ ಅಂಚಿಗೆ ಸೊಂಟ ಒತ್ತಿ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್ ಗ್ರಿಪ್, ಇನ್ನೊಂದರಲ್ಲಿ ಹಿಂದಿನ ಹಿಡಿ ಅಥವಾ ಫ್ರೇಮ್ ಹಿಡಿಯಿರಿ. ಕೈ ನೇರವಾಗಿರಲಿ. ತೊಡೆಯ ಬಲದಲ್ಲಿ ಎದ್ದು, ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯಿರಿ. ಬೆನ್ನು ಬಗ್ಗಿಸಿ ಎಳೆದರೆ ಮಾರನೇ ದಿನ ಹಾಸಿಗೆ ಬಿಟ್ಟು ಏಳಲು ಆಗುವುದಿಲ್ಲ.

ಒಂದು ದಿನದ ತರಬೇತಿಗೆ ಹೋಗುವುದು ಇನ್ನೂ ಒಳ್ಳೆಯದು. ಮರುಭೂಮಿಯ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಬಳಿ ಬಿಗ್‌ರಾಕ್ ಡರ್ಟ್‌ಪಾರ್ಕ್ ಕಟ್ಟಿದ್ದಾರೆ. ಪೆಟ್ಟಿಗೆ ಸೆಟ್ಟಿಗೆ ಹಾಕುವ ದುಡ್ಡನ್ನು ಇಂಥ ಕಡೆ ಹಾಕಿ, ಬೀಳುವುದೇ ಕಡಿಮೆಯಾಗುತ್ತದೆ.

ಎಲ್ಲಿಗೆ ಇಳಿಯಬಾರದು

ಪಶ್ಚಿಮ ಘಟ್ಟದ ಹುಲ್ಲುಗಾವಲಿನ ಮೇಲೆ ಗಾಡಿ ಹತ್ತಿಸಬೇಡಿ. ಶೋಲಾ (ಕಣಿವೆಯಲ್ಲಿ ಕಾಡು, ಮೇಲೆ ಹುಲ್ಲು ಇರುವ) ಬೆಟ್ಟಗಳ ಮೇಲ್ಮಣ್ಣು ತೆಳು, ಗುಬ್ಬಿ ಟೈರ್ ಒಂದು ಗೆರೆ ಎಳೆದರೆ ಮುಂದಿನ ಮಳೆಗೆ ಅದು ಕೊರಕಲಾಗುತ್ತದೆ, ಆಮೇಲೆ ಅಲ್ಲಿ ಹುಲ್ಲು ಬರುವುದಿಲ್ಲ. ಕಾಯ್ದಿಟ್ಟ ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವುದು ಅಪರಾಧವೂ ಹೌದು. ಎಸ್ಟೇಟ್ ರಸ್ತೆ ಖಾಸಗಿ, ಕೇಳಿ ಹೋಗಿ, ಬೇಡ ಅಂದರೆ ಹಿಂದಿರುಗಿ. ಬಂಡೀಪುರದ ಮೂಲಕ ಹೋಗುವ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಅದಕ್ಕೆ ತಕ್ಕಂತೆ ಹೊರಡಿ. ಕಲಿಯಲು ಬಯಲುಸೀಮೆಯ ಹಳ್ಳಿ ದಾರಿಗಳು, ಊರಿಂದ ಊರಿಗೆ ಹೋಗುವ ಗಾಡಿ ಜಾಡುಗಳು ಬೇಕಾದಷ್ಟಿವೆ.

ನೀರು, ಕೆಸರು, ಉಪ್ಪು

ಹಳ್ಳ ದಾಟುವ ಮುಂಚೆ ನಡೆದು ನೋಡಿ. ಮಂಡಿ ಮೀರಿದ ನೀರು, ತಳ ಕಾಣದ ಕೆಂಪು ನೀರು, ಎರಡಕ್ಕೂ ಇಳಿಯಬೇಡಿ. ನೀರಿನ ನಡುವೆ ಬಿದ್ದು ಇಂಜಿನ್ ನಿಂತರೆ ಸೆಲ್ಫ್ ಒತ್ತಲೇಬೇಡಿ. ಸಿಲಿಂಡರ್‌ಗೆ ನೀರು ಹೋಗಿದ್ದರೆ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ದಡಕ್ಕೆ ತಳ್ಳಿ, ಏರ್ ಫಿಲ್ಟರ್ ತೆಗೆದು ನೋಡಿ. ಒದ್ದೆ ಇದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಮೇಲೆ ಸೆಲ್ಫ್ ಕೊಟ್ಟು ನೀರು ಹೊರಗೆ ಚಿಮ್ಮಿಸಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಚಾಲೂ ಮಾಡದೆ ಗಾಡಿಯನ್ನು ಹೊತ್ತೊಯ್ಯಿಸಿ.

ಕೆಸರಿನ ದಿನ ಮುಗಿದ ಸಂಜೆಯೇ ತೊಳೆಯಿರಿ, ಆದರೆ ಪ್ರೆಷರ್ ಗನ್ನನ್ನು ಚಕ್ರದ ಬೇರಿಂಗ್, ಕೋನ್ ಸೆಟ್, ರೇಡಿಯೇಟರ್, ಸ್ವಿಚ್ಚುಗಳ ಮೇಲೆ ಹತ್ತಿರದಿಂದ ಹಿಡಿಯಲು ಬಿಡಬೇಡಿ. ಚೈನ್ ಒರೆಸಿ, ಬೆಚ್ಚಗಿರುವಾಗಲೇ ಲ್ಯೂಬ್ ಹಾಕಿ. ಧೂಳಿನ ರಸ್ತೆಯಲ್ಲಿ ಓಡಿಸಿದ ಮೇಲೆ ಏರ್ ಫಿಲ್ಟರ್ ನೋಡಿ, ಸರ್ವೀಸ್ ತನಕ ಕಾಯಬೇಡಿ.

ಕರಾವಳಿಯವರಿಗೆ ಉಪ್ಪು ಗಾಳಿ ಬೇರೆ ಕಾಟ. ಸ್ಪೋಕ್ ನಿಪ್ಪಲ್‌ಗಳಿಗೆ ತಿಂಗಳಿಗೊಮ್ಮೆ ಹನಿ ಎಣ್ಣೆ ಒರೆಸಿ, ಬಿಡಿಸಿಡುವ ಸ್ಟ್ಯಾಂಡ್‌ಗಳ ಬೋಲ್ಟ್‌ಗೆ ಗ್ರೀಸ್ ಹಾಕಿ, ಬೀಚಿನ ಮರಳಿಗೆ ಗಾಡಿ ಇಳಿಸಬೇಡಿ. ಮಳೆಗಾಲ ಮುಗಿದ ಕೂಡಲೇ, ಅಂದರೆ ದಸರಾ ಆಯುಧ ಪೂಜೆಗೆ ಹೇಗೂ ಗಾಡಿ ತೊಳೆಯುತ್ತೀರಲ್ಲ, ಅದೇ ವಾರ ಬ್ರೇಕ್ ಕ್ಯಾಲಿಪರ್ ಪಿನ್‌ಗಳನ್ನು ಬಿಚ್ಚಿಸಿ ಒರೆಸಿ ಅದಕ್ಕೆಂದೇ ಇರುವ ಗ್ರೀಸ್ ಹಾಕಿಸಿ, ಕೋನ್ ಸೆಟ್ ಮತ್ತು ಸ್ವಿಂಗ್ ಆರ್ಮ್ ಬೇರಿಂಗ್ ತೆಗೆಸಿ ಗ್ರೀಸ್ ತುಂಬಿಸಿ, ಸ್ಪೋಕ್ ಬಿಗಿ ನೋಡಿಸಿ. ನೀವು ಹಾಕಿಸಿದ ಒಂದೊಂದು ಗಾರ್ಡ್, ರ‍್ಯಾಕಿನ ಬೋಲ್ಟನ್ನೂ ಅದೇ ದಿನ ಪಾನಾ ಹಿಡಿದು ಮುಟ್ಟಿ ನೋಡಿ, ಅಲುಗಿದ್ದಕ್ಕೆ ಲಾಕ್‌ಟೈಟ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಬಿಗಿ ಮಾಡಿ.